ಕಾಕು ಹೊಲಿದಿಟ್ಟ ಪುಟಗಳು

ಡಾಂಬರ ಗುಳಿಗೆಯ ವಾಸನೆ ಬಂದರೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಹಸಿವಾಗುತ್ತದೆ. ಕಳೆದ ವಾರ ಮಗಳ ಸ್ವೆಟರ್ ಹುಡುಕಲು ಮೇಲಿನ ಕಪಾಟು ತೆಗೆದಾಗಲೂ ಹಾಗೇ ಆಯಿತು. ಬಾಯಲ್ಲಿ ಒಗ್ಗರಣೆ ಚುರುಮುರಿಯ ರುಚಿ ಬಂತು, ಅದರ ಬೆನ್ನಿಗೇ ಮಾಳಿಗಿ ಕಾಕು ನೆನಪಿಗೆ ಬಂದರು. ಕೈಯಲ್ಲಿ ಸ್ವೆಟರ್ ಹಿಡಿದುಕೊಂಡು ಸ್ಟೂಲಿನ ಮೇಲೆ ಹಾಗೇ ನಿಂತುಬಿಟ್ಟೆ.

ನಾನು ಸಣ್ಣವಳಿದ್ದಾಗ ನಾವು ಹುಬ್ಬಳ್ಳಿಯ ಗೋಪನಕೊಪ್ಪದ ಒಂದು ಚಾಳದಲ್ಲಿ ಬಾಡಿಗೆಗಿದ್ದೆವು. ಕೆಳಗೆ ಸಾಲಾಗಿ ಮನೆಗಳು, ಮಾಳಿಗೆಯ ಮೇಲೆ ಒಂದೇ ಮನೆ. ಅಲ್ಲಿದ್ದವರು ಅವರು, ಅದಕ್ಕೇ ನಮಗೆಲ್ಲ ಮಾಳಿಗೆಯ ಚಿಕ್ಕಮ್ಮ, ಮಾಳಿಗಿ ಕಾಕು. ಗಂಡನಿಗೆ ರೈಲ್ವೆಯಲ್ಲಿ ನೌಕರಿ. ಒಬ್ಬನೇ ಮಗ, ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿದ್ದ. ಕಾಕು ದಿನವಿಡೀ ಊರವರ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದರು. ಎಷ್ಟು ಮಾತಾಡಿದರೂ ಸೂಜಿ ನಿಲ್ಲುತ್ತಿರಲಿಲ್ಲ. ದಾರವನ್ನು ಹಲ್ಲಿನಿಂದ ಕಡಿಯುವಾಗ ಮಾತ್ರ ಮಾತು ನಿಲ್ಲುತ್ತಿತ್ತು.

ಅವರಿಗೊಂದು ಚಟ. ವಾರಪತ್ರಿಕೆಗಳಲ್ಲಿ ಬರುವ ಧಾರಾವಾಹಿಗಳನ್ನು ಕತ್ತರಿಸಿ ಕೂಡಿಡುವುದು, ಕೊನೆಯ ಕಂತು ಬಂದ ಮೇಲೆ ಎಲ್ಲವನ್ನೂ ದಪ್ಪ ದಾರದಿಂದ ಹೊಲಿದು, ಖಾಕಿ ರಟ್ಟು ಹಾಕಿ ಪುಸ್ತಕ ಮಾಡುವುದು. ಆ ಪುಸ್ತಕಗಳು ಟ್ರಂಕಿನಲ್ಲಿ ಜರಿ ಸೀರೆಗಳ ಜೊತೆ ಡಾಂಬರ ಗುಳಿಗೆಯ ರಕ್ಷಣೆಯಲ್ಲಿ ಇರುತ್ತಿದ್ದವು. ಚಾಳದ ಮಕ್ಕಳಿಗೆಲ್ಲ ಅದೇ ಗ್ರಂಥಾಲಯ. ಸಾಲಿ ಬಿಟ್ಟ ಕೂಡಲೇ ಮೇಲೆ ಹೋದರೆ ಒಂದು ಪುಸ್ತಕ, ಒಂದು ತಾಟು ಚುರುಮುರಿ. ಎಣ್ಣೆಗೈಯಲ್ಲಿ ಪುಟ ಮುಟ್ಟಿದವರಿಗೆ ಬೆನ್ನಿಗೊಂದು ಗುದ್ದು.

ಆದರೆ ಮಕ್ಕಳ ಕೈಗೆ ಕೊಡುವ ಮೊದಲು ಕಾಕು ಆ ಪುಸ್ತಕವನ್ನು ಇನ್ನೊಮ್ಮೆ ಪೂರ್ತಿ ಓದುತ್ತಿದ್ದರು. ನಾವು ಓದಬಾರದು ಅನ್ನಿಸಿದ ಪುಟಗಳನ್ನು ಹರಿದು ಹಾಕುತ್ತಿರಲಿಲ್ಲ. ಆ ಪುಟಗಳ ತೆರೆದ ಅಂಚುಗಳನ್ನು ಸೇರಿಸಿ, ಬಿಳಿ ದಾರದಿಂದ ಟಾಕಾ ಹಾಕಿ ಹೊಲಿದುಬಿಡುತ್ತಿದ್ದರು. ಕೇಳಿದರೆ, “ಇನ್ನೆರಡು ವರ್ಷ ಬಿಟ್ಟು ಬಾ, ನಾನ ಬಿಚ್ಚಿ ಕೊಡತೇನಿ” ಅನ್ನುತ್ತಿದ್ದರು. ದಾರ ಎಳೆಯುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಪುಟಗಳನ್ನು ಮೇಲಿನಿಂದ ಸ್ವಲ್ಪ ಅಗಲಿಸಿ, ಒಂದು ಕಣ್ಣು ಮುಚ್ಚಿ ಇಣುಕುತ್ತಿದ್ದೆವು. ಅರ್ಧ ಸಾಲು, ಕಾಲು ಸಾಲು ಸಿಗುತ್ತಿತ್ತು... ಉಳಿದದ್ದನ್ನು ನಾವೇ ಹೆಣೆದುಕೊಳ್ಳುತ್ತಿದ್ದೆವು. ಈಗ ಯೋಚಿಸಿದರೆ ನಾವು ಹೆಣೆದದ್ದನ್ನೇ ಯಾರಾದರೂ ಹೊಲಿದಿಡಬೇಕಿತ್ತು!

ಒಳಗಿರುವುದು ಪ್ರೇಮ ಪ್ರಕರಣವೇ ಎಂದು ನಮ್ಮ ಗುಮಾನಿ. ಅದು ಸುಳ್ಳು. ಪ್ರೇಮವನ್ನು ಕಾಕು ಧಾರಾಳವಾಗಿ ಬಿಟ್ಟಿದ್ದರು. ಒಮ್ಮೆ ಕೆಳಗಿನ ಮನೆಯ ಮಾಸ್ತರರು ಮಗಳ ಕೈಯಿಂದ ಪುಸ್ತಕ ಕಸಿದುಕೊಂಡು ದಡದಡ ಮೆಟ್ಟಿಲು ಹತ್ತಿ ಬಂದರು.

“ಏನ್ರಿ ಇದು? ಹುಡುಗಿ ಮನಿ ಬಿಟ್ಟು ಓಡಿ ಹೋಗತಾಳ. ಇಂಥಾದ್ದು ನನ್ನ ಮಗಳು ಓದಬೇಕೇನ್ರಿ?”

ಕಾಕು ತಲೆ ಎತ್ತಲಿಲ್ಲ. “ಮುಂದ ತಿರಗಿ ಬರತಾಳ್ರಿ ಮಾಸ್ತರ. ಪೂರಾ ಓದಿದ್ರ ಇಷ್ಟು ಮೆಟ್ಟಲಾ ಹತ್ತೋದು ತಪ್ಪತಿತ್ತು ನೋಡ್ರಿ.”

ಮಾಸ್ತರರು ಗೊಣಗುತ್ತ ಇಳಿದುಹೋದರು. ಪುಸ್ತಕವನ್ನು ಮಾತ್ರ ಕಂಕುಳಲ್ಲಿ ಒತ್ತಿ ಹಿಡಿದುಕೊಂಡೇ ಹೋದರು.

ಕಾಕು ಹೊಲಿಯುತ್ತಿದ್ದುದು ಬೇರೆಯದನ್ನು. ಮಕ್ಕಳನ್ನು ಹೊಡೆಯುವುದು, ಉಪವಾಸ ಕೆಡವುವುದು, ಸಾವು. “ಹುಡುಗರ ನಿದ್ದಿ ಕೆಡಬಾರದು” ಅನ್ನುವುದೊಂದೇ ಅವರ ಅಳತೆ. ಚಾಳದ ತಾಯಂದಿರಿಗೆ ಅವರ ಮೇಲೆ ಪೂರ್ತಿ ನಂಬಿಕೆ. ನಮ್ಮವ್ವನಿಗಂತೂ ನಾನು ಮಾಳಿಗೆಯ ಮೇಲಿದ್ದೇನೆ ಅಂದರೆ ನಿಶ್ಚಿಂತೆ.

ನಾನು ಏಳನೇ ಇಯತ್ತೆಯಲ್ಲಿದ್ದಾಗ ಅವ್ವ ದವಾಖಾನೆ ಸೇರಿದಳು. ಬೇಗ ಬರುತ್ತಾಳೆ ಅಂದರು, ಬರಲಿಲ್ಲ. ಅಪ್ಪ ಆಫೀಸಿನಿಂದ ನೇರ ಅಲ್ಲಿಗೇ ಹೋಗುತ್ತಿದ್ದರು. ನಾನೂ ಬರುತ್ತೇನೆ ಅಂದರೆ, “ಅಲ್ಲೆ ಸಣ್ಣ ಹುಡುಗರನ್ನ ಬಿಡೂದಿಲ್ಲ” ಅನ್ನುತ್ತಿದ್ದರು. ನಾನು ಒಳಗೆ ಬಂದರೆ ದೊಡ್ಡವರ ಮಾತು ನಿಲ್ಲುತ್ತಿತ್ತು, ಯಾರಾದರೊಬ್ಬರು ನನ್ನ ಕೈಗೆ ಪೇಢೆ ಕೊಡುತ್ತಿದ್ದರು. ಅಷ್ಟು ಪೇಢೆ ನಾನು ಯಾವತ್ತೂ ತಿಂದಿರಲಿಲ್ಲ. ಸಾಲಿ ಬಿಟ್ಟ ಮೇಲೆ ಅಪ್ಪ ಬರುವವರೆಗೆ ಕಾಕುವಿನ ಮನೆಯೇ ನನ್ನ ಮನೆಯಾಯಿತು.

ಆ ದಿನಗಳಲ್ಲೇ ಅವರು ನನಗೊಂದು ದಪ್ಪ ಪುಸ್ತಕ ಕೊಟ್ಟರು. ಅದರಲ್ಲಿ ನನ್ನಷ್ಟೇ ವಯಸ್ಸಿನ ಹುಡುಗಿ, ಅವಳ ತಾಯಿಗೆ ಆರಾಮಿಲ್ಲ, ಹಾಸಿಗೆ ಹಿಡಿದಿದ್ದಾಳೆ. ಅಲ್ಲಿಂದ ಮುಂದೆ ಹೊಲಿಗೆ. ಅಷ್ಟು ದಪ್ಪ ಹೊಲಿಗೆಯನ್ನು ನಾನು ಅದುವರೆಗೆ ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ಹೊಲಿಗೆ ದಾಟಿದ ಮೇಲಿನ ಪುಟದಲ್ಲಿ ಆ ಹುಡುಗಿ ಒಬ್ಬಳೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ. ಮುಂದೆ ಎಲ್ಲಿಯೂ, ಯಾರೂ, ಆ ತಾಯಿಯ ಮಾತೇ ಎತ್ತುವುದಿಲ್ಲ.

ಕಾಕು ಮುಚ್ಚಿಟ್ಟಿದ್ದರಿಂದಲೇ ನನಗೆ ಗೊತ್ತಾಯಿತು. ಮನೆಯಲ್ಲಿ ಮಾತು ಯಾಕೆ ನಿಲ್ಲುತ್ತದೆ, ಪೇಢೆ ಯಾಕೆ ಬರುತ್ತವೆ ಎಂಬುದೂ ಗೊತ್ತಾಯಿತು. ಚುರುಮುರಿ ಮುಟ್ಟಲಿಲ್ಲ.

“ಯಾಕ, ಖಾರ ಆಗೇತೇನು?” ಅಂದರು ಕಾಕು.

“ಕಾಕು, ಈ ಹುಡುಗಿ ಅವ್ವ ಎಲ್ಲಿ ಹೋದ್ಲರಿ?”

ಅವರು ದಾರ ಎಳೆದು ಸೀರೆಗೆ ಇನ್ನೊಂದು ಟಾಕಾ ಹಾಕಿದರು.

“ನಮ್ಮವ್ವನೂ ಹಂಗ ಹೋಗತಾಳೇನ್ರಿ?”

ಅವರ ಸೂಜಿ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಎದ್ದು ಕತ್ತರಿ ತಂದು ಟಾಕಾಗಳನ್ನು ಒಂದೊಂದಾಗಿ ಕತ್ತರಿಸಿದರು, ದಾರದ ಚೂರುಗಳನ್ನು ಊದಿ ತೆಗೆದರು. ಟ್ರಂಕಿಗೆ ಒರಗಿ ನನ್ನ ಪಕ್ಕ ಕೂತು, “ಓದು. ನಾ ಇಲ್ಲೇ ಕುಂತೇನಿ” ಅಂದರು.

ಗಟ್ಟಿಯಾಗಿ ಓದಿದೆ. ಆ ಪುಟಗಳಲ್ಲಿ ತಾಯಿ ಮಲಗಿದಲ್ಲಿಂದಲೇ ಮಗಳ ಹೆರಳು ಹಾಕುತ್ತಾಳೆ. ಕೈಯಲ್ಲಿ ಶಕ್ತಿಯಿಲ್ಲ, ಹೆರಳು ಸೊಟ್ಟಗಾಗುತ್ತದೆ. ಮಗಳು ಅದನ್ನು ಬಿಚ್ಚದೆ ಹಾಗೇ ಸಾಲಿಗೆ ಹೋಗುತ್ತಾಳೆ. ಇಬ್ಬರೂ ಏನೇನೋ ಮಾತಾಡುತ್ತಾರೆ, ನಗುತ್ತಾರೆ ಕೂಡ. ಆಮೇಲೆ ತಾಯಿ ಸಾಯುತ್ತಾಳೆ. ನಾನು ಅತ್ತೆ. ಕಾಕು ನನಗಿಂತ ಜೋರಾಗಿ ಅತ್ತರು. ಆದರೆ ಮುಗಿಸಿದಾಗ ನನಗೆ ಹೆದರಿಕೆಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಗಿತ್ತು.

“ಆಕಿ ಅವ್ವನ ಕೂಡ ಮಾತಾಡಿದ್ಲಲ್ರಿ ಕಾಕು. ನನಗ ನೋಡಾಕೂ ಬಿಡವಲ್ರು.”

ಅವತ್ತು ಸಂಜೆ ಅಪ್ಪ ಬರುವುದನ್ನೇ ಕಾಯುತ್ತ ಕಾಕು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದರು. “ನಾಳೆ ಆಕಿನ್ನ ನಾ ದವಾಖಾನಿಗೆ ಕರಕೊಂಡು ಹೊಂಟೇನಿ. ಬ್ಯಾಡ ಅನಬ್ಯಾಡ್ರಿ.”

“ಸಣ್ಣ ಹುಡುಗಿ ಅದಾಳ್ರಿ ವೈನಿ. ಇದೆಲ್ಲಾ ನೋಡೂ ವಯಸ್ಸೇನ್ರಿ?” ಅಂದರು ಅಪ್ಪ.

“ವಯಸ್ಸು ಅಲ್ರಿ, ಖರೇ ಐತಿ. ಆದ್ರ ಆಕಿಗೆ ಇರೂದು ಒಬ್ಬಾಕಿನ ಅವ್ವ.”

ಮರುದಿನದಿಂದ ದಿನಾ ಹೋದೆ. ಬಾಗಿಲಲ್ಲಿ ತಡೆದವರ ಜೊತೆ ಕಾಕು ಏನು ಜಗಳ ತೆಗೆದರೋ, ಯಾವ ನೆಂಟಸ್ತನ ಹೇಳಿದರೋ, ನನ್ನನ್ನು ಒಳಗೆ ಬಿಟ್ಟರು. ಅವ್ವ ಬಹಳ ಬಡವಾಗಿದ್ದಳು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮೊದಲ ದಿನ ನನಗೆ ಹೆದರಿಕೆಯೂ ಆಯಿತು, ಸುಳ್ಳು ಹೇಳಲಾರೆ. ಆಕೆ ಉಂಡೆಯೇನು ಎಂದು ಕೇಳಿದಳು. ಗಣಿತದಲ್ಲಿ ಎಷ್ಟು ಮಾರ್ಕು ಬಿದ್ದವು ಎಂದು ಕೇಳಿದಳು. ನನ್ನ ಗಣಿತ ಕೇಳಿ ನಕ್ಕಳು... ದೀಪಾವಳಿಗೆ ಮೊದಲೇ ಹೋಗಿಬಿಟ್ಟಳು. ಆ ಸಂಜೆಗಳಿಲ್ಲದೆ ಹೋಗಿದ್ದರೆ ಅವ್ವ ನನ್ನ ಪಾಲಿಗೆ ಒಂದು ದಿನ ದವಾಖಾನೆಗೆಂದು ರಿಕ್ಷಾ ಹತ್ತಿ ಹೋದವಳಾಗಿ ಮಾತ್ರ ಉಳಿಯುತ್ತಿದ್ದಳು.

ಆಮೇಲೆ ಚಾಳ ಬಿಟ್ಟೆವು. ನನ್ನ ಮದುವೆಯಾಗಿ ನಾನು ಹುಬ್ಬಳ್ಳಿಯಲ್ಲೇ ಕೇಶ್ವಾಪುರಕ್ಕೆ ಬಂದೆ. ತಮ್ಮ ಗಂಡ ತೀರಿದ ಮೇಲೆ ಕಾಕು ಧಾರವಾಡದಲ್ಲಿ ಮಗ-ಸೊಸೆಯ ಜೊತೆ ಇದ್ದರು. ತಿಂಗಳಿಗೊಮ್ಮೆಯಾದರೂ ಹೋಗಿಬರುತ್ತಿದ್ದೆ. ನಾನು ಬಸುರಿಯಾದಾಗ ತೊಂದರೆಯಾಗಿ ಡಾಕ್ಟರರು ಹಾಸಿಗೆ ಬಿಟ್ಟು ಏಳಬೇಡ ಅಂದರು. ಆಗ ಫೋನಿನಲ್ಲೇ ಮಾತು. ದನಿ ಸಣ್ಣಗಾಗಿದೆಯಲ್ಲ ಅಂದರೆ, “ಕೆಮ್ಮು ಅಷ್ಟ. ನೀ ಹೊಟ್ಟಿ ತುಂಬ ಉಣ್ಣು” ಅನ್ನುತ್ತಿದ್ದರು. ಮುಂದೆ ಸೊಸೆಯೇ ಫೋನ್ ಎತ್ತತೊಡಗಿದಳು. ಮಲಗಿದ್ದಾರೆ ಅನ್ನುತ್ತಿದ್ದಳು.

ಬಾಣಂತನ ಮುಗಿದ ಮೇಲೆ, ಕೂಸನ್ನು ಕಾಕುವಿಗೆ ತೋರಿಸಲು ಬರುತ್ತೇನೆ ಎಂದು ಫೋನ್ ಮಾಡಿದೆ. ಸೊಸೆ ಆಗ ನಿಜ ಹೇಳಿದಳು. ನನ್ನ ಹೆರಿಗೆಗೂ ಮೊದಲೇ ಕಾಕು ತೀರಿಕೊಂಡಿದ್ದರು.

“ಅತ್ತಿಯವರ ಹೇಳಿದ್ರರಿ ಅಕ್ಕಾ. ಆಕಿ ಬಸರಿ ಅದಾಳ, ಇಂಥಾದ್ದು ಈಗ ಆಕಿ ಕಿವಿಗೆ ಹಾಕಬ್ಯಾಡ್ರಿ ಅಂತ. ಕಡೀತನಕ ಅದನ್ನ ಹೇಳಿದ್ರು.”

ಸಿಟ್ಟು ಬಂತು. ಅಳುವ ಮೊದಲು ಸಿಟ್ಟೇ ಬಂತು. ಹುಬ್ಬಳ್ಳಿಯಿಂದ ಧಾರವಾಡ ಏನು ದೂರ! ನಾನು ಹಾಸಿಗೆಯಲ್ಲೇ ಇದ್ದರೇನು, ಫೋನನ್ನು ಅವರ ಕಿವಿಗೆ ಹಿಡಿಯಿರಿ ಅನ್ನುತ್ತಿದ್ದೆನಲ್ಲ. ನನ್ನನ್ನು ಅವ್ವನ ಹತ್ತಿರ ಕರೆದೊಯ್ದವರೇ ತಮ್ಮ ಸಾವನ್ನು ನನ್ನಿಂದ ಬಚ್ಚಿಟ್ಟರು.

ಈಗ ಮಗಳಿಗೆ ಒಂಬತ್ತು ವರ್ಷ. ಅವಳ ಶಾಲೆಯ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನದಿಂದ ಗದ್ದಲ ನಡೆದಿದೆ. ಗ್ರಂಥಾಲಯದ ಒಂದು ಪುಸ್ತಕದಲ್ಲಿ ಅಜ್ಜ ಸಾಯುತ್ತಾನಂತೆ, ಇಷ್ಟು ಸಣ್ಣ ಮಕ್ಕಳಿಗೆ ಇದು ಬೇಕೇ, ತೆಗೆಸಬೇಕು ಎಂದು. ಪುಸ್ತಕ ಇರಲಿ ಎಂದು ಬರೆಯಲು ಹೋಗುತ್ತೇನೆ, ಮಗಳ ಮುಖ ನೋಡಿ ಅಳಿಸುತ್ತೇನೆ. ಅವಳ ನಿದ್ದೆ ಕೆಡುವುದು ನನಗೂ ಬೇಡ. ಇಂಥ ಹೊತ್ತಲ್ಲಿ ಕೇಳಲು ಅವರೊಬ್ಬರಿದ್ದರು. ಅವರು ಸಿಕ್ಕಿದರೆ ಈ ಪುಸ್ತಕದ ವಿಷಯ ಆಮೇಲೆ ಕೇಳುತ್ತೇನೆ. ಮೊದಲು ಕೇಳಬೇಕಾದ್ದು ಬೇರೆಯೇ ಇದೆ. ಮೂವತ್ತು ದಾಟಿದ ಮೇಲೂ ನಾ ನಿಮಗ ಅಷ್ಟು ಸಣ್ಣಾಕಿ ಇದ್ದೆನೇನ್ರಿ, ಕಾಕು?