ಹುಳುಮನೆಯ ಪಕ್ಕದ ಗ್ರಾಫಿಕ್ಸ್ ಕಾರ್ಡು

ಕಳೆದ ಭಾನುವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ ನಮ್ಮ ದೊಡ್ಡಮ್ಮ ರೇಷ್ಮೆಯ ಹುಳುಮನೆಯಿಂದ ಕೂಗಿದರು. ದೊಡ್ಡಮ್ಮ ಕೂಗುವವರಲ್ಲ. ಹಿತ್ತಲಲ್ಲಿ ಹಾವು ಕಂಡಾಗಲೂ "ಕೋಲು ತಗೊಂಬಾ" ಎಂದು ಮೆಲ್ಲಗೆ ಹೇಳಿದವರು.

"ಹುಳ ಕಕ್ತಾ ಇದಾವೆ! ಯಾರಾದ್ರೂ ಬನ್ರೇ!"

ನಾನು ಎದ್ದೆ. ಏಳುವಾಗ ಕಂಪ್ಯೂಟರಿನ ಪರದೆ ಕಣ್ಣಿಗೆ ಬಿತ್ತು. ಗ್ರಾಫಿಕ್ಸ್ ಕಾರ್ಡಿನ ಉಷ್ಣಾಂಶ ಎಂಬತ್ತೊಂದು ಡಿಗ್ರಿ. ಕೋಣೆಯಲ್ಲಿ ಒಂದು ವಾಸನೆ ಇತ್ತು. ಬೆಳಿಗ್ಗೆಯಿಂದಲೂ ಇತ್ತು. ಈಚೆಗಷ್ಟೇ ಹಾಕಿದ ಕಾರ್ಡು, ಬಿಸಿಯಾದರೆ ಹೀಗೇ ಇರಬೇಕು ಎಂದುಕೊಂಡು ಸುಮ್ಮನಿದ್ದೆ.

ಅದು ಯಾವ ವಾಸನೆ ಎಂದು ಆ ಕ್ಷಣದಲ್ಲಿ ಗೊತ್ತಾಯಿತು. (ಹಾಸ್ಟೆಲಿನ ಅಡುಗೆಮನೆಯಲ್ಲಿ ಐದು ವರ್ಷ ಮೂಸಿದ್ದೆ. ಮರೆಯುವುದು ಹೇಗೆ?) ಜಿರಲೆ ಸ್ಪ್ರೇ.

ಮನೆಯ ವಿಷಯವನ್ನು ಈ ಅಂಕಣದಲ್ಲಿ ನಾನು ಬರೆಯುವುದಿಲ್ಲ. ಪ್ರತಿ ವಾರ ಓದುವ ನಿಮಗೆ ಅದು ಗೊತ್ತು. ಆದರೆ ಈ ವಾರ ಬೇರೆ ಏನು ಬರೆಯಲು ಕೂತರೂ ಎರಡು ಸಾಲಿನ ಆಚೆ ಹೋಗುತ್ತಿಲ್ಲ. ಆದ್ದರಿಂದ ಹೇಳಿಬಿಡುತ್ತೇನೆ. ನಾನು ವಿಡಿಯೋ ಗೇಮ್ ಆಡುತ್ತೇನೆ.

ಮೊಬೈಲಿನಲ್ಲಿ ಬಣ್ಣದ ಹಣ್ಣು ಜೋಡಿಸುವ ಆಟವಲ್ಲ. ಕತ್ತಿ, ಮಂತ್ರ, ಹಾಳುಬಿದ್ದ ಕೋಟೆಗಳಿರುವ, ನೂರಾರು ಗಂಟೆ ನಡೆಯುವ ಕಥೆ. ಪಾತ್ರ ನನ್ನದು, ಅದರ ಹೆಸರು ನಾನಿಟ್ಟದ್ದು, ಯಾರ ಪಕ್ಷ ಹಿಡಿಯಬೇಕೆಂದು ಪ್ರತಿ ತಿರುವಿನಲ್ಲೂ ತೀರ್ಮಾನಿಸುವವಳು ನಾನು. ಮೊದಲ ಭಾಗವನ್ನು ಎಂ.ಎಸ್ಸಿ. ಎರಡನೇ ವರ್ಷದಲ್ಲಿ ಆಡಿದ್ದೆ. ಎರಡನೇ ಭಾಗಕ್ಕೆ ಆರು ವರ್ಷ ಕಾದೆ. ಅದು ಈ ಗುರುವಾರ ಬಿಡುಗಡೆಯಾಗುವುದಿತ್ತು.

ಕಾಯುವುದು ಸಂತೋಷ ಎಂದು ಯಾರು ಹೇಳಿದರು? ನನಗಂತೂ ಅದು ಭಯ. ಆಟಕ್ಕೆ ಎಂಥ ಕಂಪ್ಯೂಟರ್ ಬೇಕೆಂಬ ಪಟ್ಟಿ ತಿಂಗಳ ಹಿಂದೆ ಬಂತು. ನನ್ನ ಪಿಸಿ "ಕನಿಷ್ಠ" ಎಂಬ ಸಾಲಿಗೂ ಕೆಳಗಿತ್ತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಒಂದೊಂದಾಗಿ ಸರಿಮಾಡುತ್ತಾ ಬಂದೆ. ರ‍್ಯಾಮ್ ಹೆಚ್ಚಿಸಿದೆ. ಎಸ್‌ಎಸ್‌ಡಿ ಹಾಕಿದೆ. ಪ್ರೊಸೆಸರಿನ ಮೇಲೆ ಶಾಖ ಇಳಿಸಲು ಹಚ್ಚಿ ಒಣಗಿಹೋಗಿದ್ದ ಪೇಸ್ಟು ಒರೆಸಿ ಹೊಸದು ಹಚ್ಚಿದೆ. ಒಂದೊಂದು ಸ್ಕ್ರೂ ಬಿಚ್ಚುವಾಗಲೂ ಒಂದೊಂದು ಯೋಚನೆ. ಕರೆಂಟು ಕೈಕೊಟ್ಟರೆ? ನಮ್ಮ ಹಳ್ಳಿಯ ಇಂಟರ್ನೆಟ್ಟಿನಲ್ಲಿ ಡೌನ್‌ಲೋಡ್ ಅರ್ಧಕ್ಕೆ ನಿಂತರೆ? ಮೊದಲ ದೃಶ್ಯದಲ್ಲೇ ಪರದೆ ಕಪ್ಪಾದರೆ?

ಮನೆಯವರಿಗೆ ನಾನು ಹೇಳಿದ್ದು ಒಂದೇ ಮಾತು. "ಥೀಸಿಸ್ ಕೆಲಸ." ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ, ಪಿಎಚ್.ಡಿ. ಮಾಡುತ್ತಿರುವ, ಇಪ್ಪತ್ತೆಂಟು ವರ್ಷದ ಹೆಂಗಸು ಆಟ ಆಡುತ್ತಾಳೆ ಎಂದರೆ ಹೇಗಿರುತ್ತದೆ? (ಅರಳಿಕಟ್ಟೆಯಲ್ಲಿ ದಿನವಿಡೀ ಇಸ್ಪೀಟು ಕಲೆಸುವ ನಮ್ಮೂರ ಗಂಡಸರು ಯಾರಿಗೂ ಥೀಸಿಸ್ ಎನ್ನಬೇಕಾಗಿಲ್ಲ.)

ಕೊನೆಗೆ ಉಳಿದದ್ದು ಗ್ರಾಫಿಕ್ಸ್ ಕಾರ್ಡು. ಚಿತ್ರಗಳನ್ನೆಲ್ಲ ಪರದೆಗೆ ತರುವುದು ಅದೇ, ಅದಿಲ್ಲದೆ ಇಂಥ ಆಟ ತೆರೆಯುವುದೂ ಇಲ್ಲ. ಚಿಂತಾಮಣಿಯ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಅಂಗಡಿಯವರು ಮಾತುಗಾರರು.

"ಫಸ್ಟ್ ಕ್ಲಾಸ್ ಮಾಲು ಮೇಡಂ. ಗೇಮಿಂಗ್ ಸೆಂಟರ್ ಒಂದು ಮುಚ್ಚೋಯ್ತು, ಅಲ್ಲಿಂದ ಬಂದಿದ್ದು. ಯಾವೂರಾಯ್ತು ನಿಮ್ದು?"

"ಚಿಕ್ಕಬಳ್ಳಾಪುರ," ಎಂದೆ.

ಅದು ಕೆಲಸದ ಊರು. ಮನೆ ಇರುವುದು ರೇಷ್ಮೆಗೆ ಹೆಸರಾದ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಪರಿಚಿತರಿಗೆ ಮನೆಯ ವಿಳಾಸ ಹೇಳಬಾರದು ಎನ್ನುವುದು ನಾನು ಬಹಳ ಕಾಲದಿಂದ ಪಾಲಿಸಿಕೊಂಡು ಬಂದ ನಿಯಮ. ಒಳ್ಳೆಯ ನಿಯಮವೇ. ಅವತ್ತು ಮಾತ್ರ ಅದನ್ನು ಮುರಿಯಬೇಕಿತ್ತು.

ಯಾಕೆಂದರೆ ನಮ್ಮದು ರೇಷ್ಮೆ ಹುಳು ಸಾಕುವ ಮನೆ. ದೊಡ್ಡಮ್ಮನ ಹುಳುಮನೆಗೂ ನನ್ನ ಕೋಣೆಗೂ ನಡುವೆ ಇರುವುದು ಒಬ್ಬರು ನಡೆಯುವಷ್ಟು ಓಣಿ. ಹುಳು ಇದ್ದಷ್ಟು ದಿನ ನಮ್ಮಲ್ಲಿ ಊದುಬತ್ತಿ ಇಲ್ಲ, ಸೊಳ್ಳೆಬತ್ತಿ ಇಲ್ಲ, ಪೌಡರ್ ಇಲ್ಲ. ಒಣಮೆಣಸಿನಕಾಯಿ ಒಗ್ಗರಣೆ ಕೂಡ ಇಲ್ಲ. ಸೆಂಟು ಹಾಕಿಕೊಂಡು ಬಂದ ನೆಂಟರನ್ನು ದೊಡ್ಡಮ್ಮ ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಾರೆ. ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ಭಾನುವಾರ ನಾನು ಏನು ಮಾಡಿದೆ?

ಬೆಳಿಗ್ಗೆ ಹತ್ತಕ್ಕೆ ಕೂತು ಕಾರ್ಡು ಎಷ್ಟು ಹೊತ್ತು ತಡೆಯುತ್ತದೆ ನೋಡೋಣ ಎಂದು ಅದಕ್ಕೆ ಪೂರ್ತಿ ಹೊರೆ ಹಾಕುವ ಪರೀಕ್ಷೆ ಶುರುಮಾಡಿದೆ. ಬೇಸಿಗೆ. ಕೋಣೆ ಕಾದು ಹೋಯಿತು. ಪಿಸಿಯ ಬೆನ್ನನ್ನು ಕಿಟಕಿಗೆ ತಿರುಗಿಸಿ, ಟೇಬಲ್ ಫ್ಯಾನನ್ನು ಪಕ್ಕದಲ್ಲಿಟ್ಟು, ಬಿಸಿಗಾಳಿಯನ್ನೆಲ್ಲ ಓಣಿಗೆ ತಳ್ಳಿದೆ. ಬಹಳ ಜಾಣತನದ ಏರ್ಪಾಡು ಎಂದುಕೊಂಡೆ. ಓಣಿಯ ಆಚೆ ಇರುವುದು ಹುಳುಮನೆಯ ಜಾಲರಿ ಕಿಟಕಿ.

ಎರಡೂಕಾಲು ಗಂಟೆ.

ಪ್ಲಗ್ ಕಿತ್ತು ಹುಳುಮನೆಗೆ ಓಡಿದೆ. ಕಿಟಕಿ ಪಕ್ಕದ ಸ್ಟ್ಯಾಂಡಿನಲ್ಲಿ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು. ನಾಲ್ಕನೇ ಜ್ವರ ಎದ್ದು ಐದು ದಿನವಾಗಿದ್ದ ಹುಳುಗಳು. (ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಗೂಡು ಕಟ್ಟುವುದೊಂದೇ ಬಾಕಿ.) ಇನ್ನೆರಡು ದಿನದಲ್ಲಿ ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಏರಬೇಕಿತ್ತು. ಸೊಪ್ಪು ತಿನ್ನುವ ಸದ್ದು ಇಡೀ ಮನೆಯಲ್ಲಿ ನಿಂತುಹೋಗಿತ್ತು.

ದೊಡ್ಡಮ್ಮ ಒದ್ದಾಡುತ್ತಿದ್ದ ಹುಳುಗಳನ್ನು ಆರಿಸಿ ಬುಟ್ಟಿಗೆ ಹಾಕುತ್ತಿದ್ದರು. ನನ್ನ ಮುಖ ನೋಡಲಿಲ್ಲ. ನಾನು ಕೋಣೆಗೆ ವಾಪಸ್ಸು ಬಂದು ಅಂಗಡಿಯವರಿಗೆ ಫೋನ್ ಮಾಡಿದೆ.

"ವಾಸ್ನೆನಾ? ಅದೇನೂ ಆಗಲ್ಲ ಮೇಡಂ. ಒಳಗಡೆ ಜಿರಲೆ ಸಂಸಾರ ಹೂಡಿದ್ವು. ಫ್ಯಾನ್ ಸಂದಿಗೆಲ್ಲ ಸ್ಪ್ರೇ ಚೆನ್ನಾಗಿ ಹೊಡ್ದು ಒರೆಸಿ ಕೊಟ್ಟಿದೀನಿ. ಇನ್ನೊಂದ್ ವರ್ಷ ಒಂದು ಹುಳ ಸುಳಿಯಲ್ಲ, ಗ್ಯಾರಂಟಿ!"

"ನಮ್ಮನೇಲಿ ರೇಷ್ಮೆ ಹುಳ ಇದೆ."

"ಶಿಡ್ಲಘಟ್ಟದ ಕಡೆಯೋರು ಅಂತ ಮೊದ್ಲೇ ಹೇಳ್ಬಾರ್ದಾ ಮೇಡಂ? ಆ ಕಾರ್ಡೇ ಕೊಡ್ತಿರ್ಲಿಲ್ಲ."

ಇಷ್ಟು ಹೊತ್ತಿಗೆ ಒಂದು ಗಂಟೆ. ಹೊರಗೆ ದೊಡ್ಡಮ್ಮನ ಧ್ವನಿ ಕೇಳಿತು. ಹೊಲದ ಕಡೆಯ ಕಿಟಕಿಗೆ ಹೋದೆ. ಅವರು ನಾರಾಯಣಪ್ಪನವರ ಬದುವಿನ ಮೇಲೆ ನಿಂತಿದ್ದರು.

ನಾರಾಯಣಪ್ಪ ನಮ್ಮ ಪಕ್ಕದ ಹೊಲದವರು. ಟೊಮೆಟೊ ಬೆಳೆಯುತ್ತಾರೆ. ಪಕ್ಕದ ಮನೆಯಲ್ಲಿ ಹುಳು ಇದ್ದರೆ ಬೆಳೆಗೆ ಔಷಧಿ ಹೊಡೆಯುವ ಮೊದಲು ಹೇಳಿ ಕಳಿಸಬೇಕು, ಹುಳು ದೊಡ್ಡದಾಗಿದ್ದರೆ ಹೊಡೆಯಲೇಬಾರದು. ಇದು ನಮ್ಮ ಊರುಗಳಲ್ಲಿ ಯಾರೂ ಬರೆದಿಡದ ಒಪ್ಪಂದ. ಗಾಳಿಯಲ್ಲಿ ಔಷಧಿ ತೇಲಿ ಬಂದರೆ ಹುಳು ಉಳಿಯುವುದಿಲ್ಲ. ಆದ್ದರಿಂದ ಹುಳು ಕಕ್ಕಿದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಪಕ್ಕದ ಹೊಲಕ್ಕೆ.

"ಹೇಳ್ದೆ ಕೇಳ್ದೆ ಔಷಧಿ ಹೊಡ್ದಿದೀಯಲ್ಲ ನಾರಾಯಣಪ್ಪ, ನಿನ್ಗೆ ಮನುಷ್ಯತ್ವ ಐತೇನೋ?"

"ಅಕ್ಕಾ, ನಾನು ಮುಟ್ಟಿಲ್ಲ. ಬೇಕಾದ್ರೆ ಪಂಪು ನೋಡು ಬಾ, ಒಣಗಿ ಬಿದ್ದೈತೆ."

"ಮತ್ತೆ ನನ್ ಹುಳ ತಾವೇ ವಿಷ ಕುಡಿದ್ವಾ?"

"ನಿನ್ ಹುಳ ಹಣ್ಣಾಗ್ಲಿ ಅಂತ್ಲೇ ಎಂಟು ದಿನದಿಂದ ಕಾಯ್ತಾ ಇದೀನಿ ಕಣಕ್ಕ. ನೋಡಿಲ್ಲಿ." ಅವರು ಒಂದು ಟೊಮೆಟೊ ಕಿತ್ತು ಎರಡು ಹೋಳು ಮಾಡಿ ತೋರಿಸಿದರು. ಒಳಗೆ ಕಾಯಿಕೊರಕ ಹುಳು ತಿಂದು ಕಪ್ಪಾಗಿತ್ತು. "ಎಲ್ಲ ಗಿಡನೂ ಹಿಂಗೇ ಆಗೈತೆ. ಯಾರಿಗೋಸ್ಕರ ಬಿಟ್ಟೆ ನಾನು?"

"ನಾಟಕ ಬೇಡ. ನಾಳೆ ಬೆಳಿಗ್ಗೆ ಊರಿನ ನಾಲ್ಕು ಜನನ್ನ ಕೂರಿಸ್ತೀನಿ. ಅಲ್ಲಿ ಹೇಳು."

ನಾನು ಕಿಟಕಿಯಲ್ಲಿ ನಿಂತಿದ್ದೆ. ಬಾಗಿಲಿನಿಂದ ಆ ಬದುವಿಗೆ ಮೂವತ್ತು ಹೆಜ್ಜೆ. ಕೂಗಿದ್ದರೂ ಸಾಕಿತ್ತು, ಕೇಳುತ್ತಿತ್ತು. ಮೊದಲು ಖಚಿತ ಮಾಡಿಕೊಳ್ಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಘಟನೆಯಿಂದ ಕಾರಣವನ್ನು ನಿರ್ಧರಿಸಬಾರದು ಎಂದು ತರಗತಿಯಲ್ಲಿ ಹೇಳಿಕೊಡುವವಳು ನಾನು. (ಭಯಕ್ಕೆ ಸಂಖ್ಯಾಶಾಸ್ತ್ರ ಎಷ್ಟು ಚೆನ್ನಾಗಿ ಒದಗಿಬರುತ್ತದೆ ನೋಡಿ.)

ಹೇಳಿದರೆ ಮುಂದಿನ ಪ್ರಶ್ನೆ ಏನು ಎನ್ನುವುದೂ ನನಗೆ ಗೊತ್ತಿತ್ತು. ಯಾಕೆ ಹಾಗೆ ಬಿಸಿ ಮಾಡಿದೆ?

ಎರಡು ಗಂಟೆ. ಮೂರು ಗಂಟೆ. ದೊಡ್ಡಮ್ಮ ಊಟ ಮಾಡಲಿಲ್ಲ. ಹುಳುಮನೆಯ ಎಲ್ಲ ಕಿಟಕಿ ತೆರೆದು, ಹೊಸ ಸೊಪ್ಪು ಹಾಕಿ, ಹೊಸಿಲ ಮೇಲೆ ಕೂತು ಕಾಯುತ್ತಿದ್ದರು. ಹುಳು ಸೊಪ್ಪು ಮುಟ್ಟಿದರೆ ಬದುಕಿದ ಹಾಗೆ. ನಾನು ನನ್ನ ಕೋಣೆಯಲ್ಲಿ ಕೂತು ಆ ಸದ್ದಿಗೇ ಕಿವಿಗೊಟ್ಟಿದ್ದೆ. ಏನೂ ಕೇಳಿಸಲಿಲ್ಲ. ಎಷ್ಟೋ ಕೋಟೆಗಳೊಳಗೆ ಕತ್ತಲಲ್ಲಿ ಒಬ್ಬಳೇ ನುಗ್ಗಿದವಳು ನಾನು, ಪರದೆಯ ಮೇಲೆ. ಎದ್ದು ಓಣಿ ದಾಟಲಿಲ್ಲ.

ನಾಲ್ಕೂಕಾಲಿಗೆ ಎದ್ದೆ. ಧೈರ್ಯ ಬಂದು ಅಲ್ಲ. ನಾಳೆ ಬೆಳಿಗ್ಗೆ ನಾಲ್ಕು ಜನರ ಮುಂದೆ ನಾರಾಯಣಪ್ಪನವರು ಒಡೆದ ಟೊಮೆಟೊ ಹಿಡಿದು ನಿಲ್ಲುವುದು ಕಣ್ಣಿಗೆ ಕಟ್ಟಿತು. ಅದು ಇನ್ನೂ ದೊಡ್ಡ ಭಯ.

"ದೊಡ್ಡಮ್ಮ, ನಾರಾಯಣಪ್ಪ ಮಾವ ಹೊಡೆದಿಲ್ಲ. ನನ್ನ ಕಂಪ್ಯೂಟರಿಂದ ಬಂದಿದ್ದು."

"ಕಂಪ್ಯೂಟರಿಗೂ ಹುಳಕ್ಕೂ ಏನೇ ಸಂಬಂಧ?"

ಹೇಳಿದೆ. ಕಾರ್ಡು, ಜಿರಲೆ, ಸ್ಪ್ರೇ, ಬಿಸಿಗಾಳಿ, ಕಿಟಕಿ.

"ಅಷ್ಟೊತ್ತು ಯಾಕೆ ಕಾಯಿಸ್ದೆ ಅದನ್ನ? ಪಿಎಚ್‌ಡಿಗಾ?"

"ಅಲ್ಲ. ಒಂದು ಆಟ ಬರ್ತಿದೆ. ಅದನ್ನ ಆಡಕ್ಕೆ."

"ಆಟ."

ಅಷ್ಟೇ. ಪ್ರಶ್ನೆಯಾಗಿಯೂ ಕೇಳಲಿಲ್ಲ. ಹೊಸಿಲಿನಿಂದ ಎದ್ದು ಹೇಳಿದರು: "ನಾನು ಬೈದಿದ್ದಕ್ಕೆ ನಾನು ಹೋಗಿ ಅವನ ಕೈ ಹಿಡ್ಕೊಂಡು ತಪ್ಪಾಯ್ತು ಅಂತೀನಿ. ನೀನು ಮಾಡಿದ್ದು ನಾನು ಹೇಳಲ್ಲ ಕಣೇ. ನೀನೇ ಹೇಳು. ಈಗ್ಲೇ ಹೋಗು."

ಮೊದಲು ಹುಳುಗಳ ಸುದ್ದಿ ಹೇಳಿಬಿಡುತ್ತೇನೆ. ಕಿಟಕಿ ಪಕ್ಕದ ಸ್ಟ್ಯಾಂಡು ಪೂರ್ತಿ ಹೋಯಿತು. ನಡುವಿನ ಸ್ಟ್ಯಾಂಡಿನಲ್ಲಿ ಅರ್ಧ. ದೂರದವು ಸಂಜೆಯ ಹೊತ್ತಿಗೆ ಸೊಪ್ಪು ಮುಟ್ಟಿದವು, ಒಂದು ದಿನ ತಡವಾಗಿ ಬುಧವಾರ ಚಂದ್ರಿಕೆ ಏರಿದವು. ಗೂಡು ತೆಳುವಾಗಿದೆ, ಬೆರಳಲ್ಲಿ ಒತ್ತಿದರೆ ಬಗ್ಗುತ್ತದೆ ಎನ್ನುತ್ತಾರೆ ದೊಡ್ಡಮ್ಮ. ನಾನಿನ್ನೂ ಮುಟ್ಟಿ ನೋಡಿಲ್ಲ. ಆಟ ಗುರುವಾರ ಬಿಡುಗಡೆಯಾಯಿತು. ನನ್ನ ಪಿಸಿಯಲ್ಲಿ ಅದು ತೆರೆಯುವುದಿಲ್ಲ. ಕಾರ್ಡನ್ನು ಕಿತ್ತು ಡಬ್ಬಿಗೆ ಹಾಕಿ ಮನೆಯಿಂದ ಆಚೆ ಕಳಿಸಿದ್ದೇನೆ.

ಭಾನುವಾರ ಸಂಜೆ ನಾರಾಯಣಪ್ಪನವರ ಮನೆಗೆ ಹೋದಾಗ ಗಂಡ ಹೆಂಡತಿ ಅಂಗಳದಲ್ಲಿ ಕೂತು ತೂತುಬಿದ್ದ ಟೊಮೆಟೊಗಳನ್ನು ಬೇರೆ ಮಾಡುತ್ತಿದ್ದರು. ನಿಂತೇ ಹೇಳಿದೆ. ಎಲ್ಲವನ್ನೂ, ಆಟದ ಮಾತನ್ನೂ. ಅವರ ಹೆಂಡತಿ ಮುಖ ಎತ್ತಿದರು.

"ಡಾಕ್ಟ್ರಾಗ್ತಾಳೆ, ಡಾಕ್ಟ್ರಾಗ್ತಾಳೆ ಅಂತಿದ್ರು ನಿಮ್ ದೊಡ್ಡಮ್ಮ. ಆಟ ಆಡ್ತಿದ್ಯೇನಮ್ಮಾ ತಾಯಿ?"

ನಾನು ಇಷ್ಟು ವರ್ಷ ಹೆದರಿದ್ದ ಮಾತು ಅದೇ. ಕೇಳಿಸಿಕೊಂಡೆ. ಏನೂ ಆಗಲಿಲ್ಲ. ನಾರಾಯಣಪ್ಪನವರು ನಗಲಿಲ್ಲ.

"ಬಂದು ಹೇಳಿದ್ಯಲ್ಲ, ಬಿಡು. ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೊಬೇಡ. ನಿಮ್ ದೊಡ್ಡಮ್ಮ ನನ್ನ ಬೈತಿರ್ಬೇಕಾದ್ರೆ ನೀನು ಕಿಟಕೀಲಿ ನಿಂತಿದ್ದೆ. ನಾನು ನೋಡ್ದೆ ಕಣಮ್ಮ. ಆವಾಗ್ಲೇ ನಿನ್ಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾವ."

ಅವರು ತಲೆಯಾಡಿಸಿ ಟೊಮೆಟೊ ಆರಿಸುವುದಕ್ಕೆ ಮರಳಿದರು. ಕೂತ್ಕೋ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ.

ಆಟ ಎಂಬ ಎರಡು ಅಕ್ಷರ ಹೇಳಲು ಹೆದರಿ, ತನ್ನ ಮನೆಯ ಹುಳುಗಳಿಗಾಗಿ ಬೆಳೆ ಬಿಟ್ಟುಕೊಟ್ಟ ಮನುಷ್ಯನನ್ನು ಮೂರೂಕಾಲು ಗಂಟೆ ಕಾಲ ತಪ್ಪಿತಸ್ಥನ ಜಾಗದಲ್ಲಿ ನಿಲ್ಲಿಸಿದವಳಿಗೆ ನೀವಾದರೂ ಕೂತ್ಕೋ ಎನ್ನುತ್ತೀರಾ?