ಮನೆಯನ್ನು ಹೊತ್ತು ಬಂದ ಹುಡುಗಿ

ಇಂದುಮತಿ ಬರೋಡಾದ ಕಾಲೇಜು ಸೇರಿದ್ದು ೧೯೬೪ರ ಜೂನಿನಲ್ಲಿ. ಆಗ ಅವಳಿಗೆ ಹದಿನೆಂಟು. ಅದಕ್ಕೂ ಹಿಂದಿನ ಏಳು ವರ್ಷ ಅವಳು ಸೂರತ್ತಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಂದು ಸಂಸಾರವನ್ನೇ ನಡೆಸಿದ್ದಳು. ತಂದೆ ಜಯತೀರ್ಥರು ಬಾಗಲಕೋಟೆಯ ಕಡೆಯವರು, ಗೂಡ್ಸ್ ಗಾಡಿಯ ಗಾರ್ಡ್. ವಾರದಲ್ಲಿ ಮೂರು ದಿನ ಮನೆಯಲ್ಲಿದ್ದರೆ ಹೆಚ್ಚು. ತಾಯಿಗೆ ಉಬ್ಬಸ, ಒಲೆಯ ಹೊಗೆ ತಾಕಿದರೆ ಹಾಸಿಗೆ ಹಿಡಿಯುವರು. ಅಡುಗೆ, ನೀರು, ತಂಗಿ ವೈದೇಹಿಯ ಜಡೆ, ಎಲ್ಲ ಇಂದುಮತಿಯ ಪಾಲಿಗೆ.

ಹಾಸ್ಟೆಲಿನಲ್ಲಿ ಅವಳಿಗೆ ಮಾಡಲು ಕೆಲಸವಿರಲಿಲ್ಲ. ಅದೇ ಕಷ್ಟವಾಯಿತು. ನಾಲ್ಕೂವರೆಗೇ ಎಚ್ಚರ. ಎದ್ದು ಕೋಣೆ ಗುಡಿಸುವಳು, ಜೊತೆಗಿದ್ದ ಕೋಕಿಲಾಳ ಸೀರೆ ಒಗೆದು ಹಾಕುವಳು. ವ್ಯಾಪಾರಿಯ ಮಗಳಾದ ಕೋಕಿಲಾ ಮೊದಮೊದಲು ಸಂಕೋಚಪಟ್ಟಳು, ಆಮೇಲೆ ರೂಢಿಯಾಯಿತು. ಸಂಜೆ ಉಳಿದವರು ಬ್ಯಾಡ್ಮಿಂಟನ್ ಆಡುವಾಗ ಇಂದುಮತಿ ಮೆಟ್ಟಿಲ ಮೇಲೆ ಕೂತು, ಅಮ್ಮ ಔಷಧಿ ತೆಗೆದುಕೊಂಡರೋ ಇಲ್ಲವೋ ಎಂದು ಯೋಚಿಸುವಳು. ಓದಿದ್ದು ತಲೆಗೆ ಹತ್ತಲಿಲ್ಲ. ಅಕ್ಟೋಬರಿನ ಪರೀಕ್ಷೆಯಲ್ಲಿ ಅರ್ಧ ಗಂಟೆ ಬರೆದು, ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆಹೋದಳು.

ಹಾಸ್ಟೆಲಿನ ಮೇಲ್ವಿಚಾರಕಿ ಕುಂದನ್‌ಬೆನ್ ಗದರಲಿಲ್ಲ. ನಾಲ್ಕು ದಿನ ಊರಿಗೆ ಹೋಗಿ ಬಾ ಎಂದರು.

ಸೂರತ್ತಿನ ಮನೆಯಲ್ಲಿ ಒಲೆಯ ಮುಂದೆ ವೈದೇಹಿ ಕೂತಿದ್ದಳು. ಹನ್ನೊಂದು ವರ್ಷದ ಹುಡುಗಿ.

"ಸಾಲಿಗೆ ಹೋಗಿಲ್ಲೇನ?"

"ಈ ವಾರ ಹೋಗಿಲ್ಲಕ್ಕಾ. ಅಮ್ಮಗ ದಮ್ಮು ಭಾಳ ಆಗ್ಯದ."

ತಾನಿಲ್ಲದೆ ಮನೆ ನಿಂತುಹೋಗಿರಬಹುದು ಎಂದುಕೊಂಡು ಬಂದಿದ್ದಳು ಇಂದುಮತಿ. ನಿಂತಿರಲಿಲ್ಲ. ಒಂದು ಗಳಿಗೆ ಅವಳಿಗೆ ಅದೇ ನೋವಾಯಿತು. ಆಮೇಲೆ ತಂಗಿಯ ಮುಂಗೈ ಮೇಲಿನ ಸುಟ್ಟ ಗಾಯ ಕಂಡಿತು.

ಮರುದಿನ ಬೆಳಿಗ್ಗೆ ಜಯತೀರ್ಥರು ಡ್ಯೂಟಿ ಮುಗಿಸಿ ಬಂದರು. ಕಾಲಿಗೆ ನೀರು ಕೊಡುತ್ತ ಇಂದುಮತಿ ಕೇಳಿದಳು:

"ಅಪ್ಪಾ, ಡ್ಯೂಟಿ ಮ್ಯಾಲೆ ಬ್ಯಾರೆ ಊರಾಗ ಉಳದಾಗ ರನ್ನಿಂಗ್ ರೂಮಿನ್ಯಾಗ ನಿಮ್ಮ ಅಡಿಗಿ ನೀವೇ ಮಾಡ್ಕೋತೀರಿ ಅಲ್ಲ?"

"ಹೂಂ. ಅಲ್ಲೆ ಯಾರು ಮಾಡಿ ಹಾಕ್ತಾರ?"

"ಮನ್ಯಾಗೂ ಮಾಡ್ರಿ, ಇದ್ದ ದಿನ. ವೈದೇಹಿ ಸಾಲಿ ಬಿಡಬಾರದು."

ಅವರು ಬಹಳ ಹೊತ್ತು ಮುಖ ಒರೆಸಿಕೊಂಡರು. "ನೀ ತಿರುಗಿ ಬಂದಿ ಅಂತ ತಿಳಕೊಂಡಿದ್ದೆ."

"ಇಲ್ಲಪ್ಪಾ. ನನಗೂ ಸಾಕಾಗ್ಯದ."

ಆ ಮಾತನ್ನು ಅವಳು ಯಾವತ್ತೂ ಯಾರ ಮುಂದೆಯೂ ಆಡಿರಲಿಲ್ಲ. ಜಯತೀರ್ಥರು ಸ್ನಾನ ಮಾಡಿ ಬಂದು ಅಕ್ಕಿ ತೊಳೆದರು. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಆದರೂ ಎಲ್ಲರೂ ಉಂಡರು. ತಂದೆ ಗಾಡಿಯ ಮೇಲಿರುವ ದಿನಗಳಲ್ಲಿ ರೊಟ್ಟಿ ಮಾಡಿಕೊಡಲು ಪಕ್ಕದ ಮನೆಯ ಮುದುಕಿ ಒಪ್ಪಿದಳು.

ಇಂದುಮತಿ ಬರೋಡಾಕ್ಕೆ ಮರಳಿದಳು. ಎಲ್ಲ ಒಮ್ಮೆಲೇ ಸರಿಹೋಗಲಿಲ್ಲ. ಆ ವರ್ಷ ಎರಡು ವಿಷಯಗಳಲ್ಲಿ ನಪಾಸಾಗಿ ಮತ್ತೆ ಪರೀಕ್ಷೆಗೆ ಕಟ್ಟಿದಳು. ಬ್ಯಾಡ್ಮಿಂಟನ್ ಕೊನೆಗೂ ಕಲಿಯಲಿಲ್ಲ. ಮೂರನೆಯ ದರ್ಜೆಯಲ್ಲಿ ಬಿ.ಎ. ಮುಗಿಸಿ, ಅಹಮದಾಬಾದಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರಾದಳು. ಅಲ್ಲಿಯ ಬಾಡಿಗೆ ಕೋಣೆಯಲ್ಲಿ ಮೊದಲ ಭಾನುವಾರ ಎಂದಿನಂತೆ ನಾಲ್ಕೂವರೆಗೆ ಎದ್ದು, ತನ್ನೊಬ್ಬಳಿಗೇ ಅನ್ನಕ್ಕಿಡಲು ಬೇಸರವಾಗಿ, ಮತ್ತೆ ಮಲಗಿಕೊಂಡಳು.