ಬಚ್ಚಲ ಹಿಂದಿನ ಕೇಪುಳ

ಉಮ್ಮನ ಎಡಗಾಲಿನ ಹೆಬ್ಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಕೈಯಲ್ಲಿ ಕೂಸು, ಬಾಯಿ ತುಂಬ ಮಾತು, ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ನೆಲ ಕೆರೆಯುತ್ತಿರುತ್ತಿತ್ತು. ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಂಪು ಮಣ್ಣು.

ನಮ್ಮ ಊರು ಪುತ್ತೂರಿನ ಹತ್ತಿರದ ನರಿಮೊಗರು. ಅವರು ಈಶ್ವರಮಂಗಲ ಕಡೆಯ ಬ್ಯಾರಿ ಹೆಂಗಸು. ಎಳೆಗೂಸುಗಳನ್ನು ಮೀಯಿಸುವುದು ಅವರ ಕೆಲಸ; ಬಾಣಂತಿ ಇರುವ ಯಾರ ಮನೆಗಾದರೂ ಬೆಳಗ್ಗಿನ ಬಸ್ಸಿನಲ್ಲಿ ಬರುತ್ತಿದ್ದರು. ಹೆಸರು ಹಿಡಿದು ಕರೆದವರಿಲ್ಲ, ಎಲ್ಲರಿಗೂ ಉಮ್ಮ, ಅವರ ಮಾತಿನಲ್ಲಿ ಅಮ್ಮ. ಚಾ ಕೊಟ್ಟರೆ ನಿಂತೇ ಕುಡಿದು, ಅರ್ಧ ಲೋಟ ಬಿಟ್ಟು ಅಂಗಳಕ್ಕಿಳಿಯುವರು. "ಕೂತ್ರೆ ಸೊಂಟ ಹಿಡಿತದೆ ಮಾರಾಯ್ತಿ" ಎನ್ನುವರು. ಅವರಿದ್ದಷ್ಟು ಹೊತ್ತು ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ನಮ್ಮ ಗೇಟಿನ ಬಳಿ ನರ್ಸರಿಯಿಂದ ತಂದ, ಕೆಂಪು ಹೂ ಬಿಡುವ ಕೇಪುಳ ಗಿಡವಿತ್ತು. ಉರುಟು ಎಸಳು, ಕೈತುಂಬುವ ಗೊಂಚಲು, ನನಗೆ ಅದರ ಮೇಲೆ ತುಸು ಜಂಬ. ಉಮ್ಮ ಅದರತ್ತ ನೋಡುತ್ತಲೂ ಇರಲಿಲ್ಲ. "ಇದು ಹಣ್ಣು ಬಿಡ್ಲಿಕ್ಕೆ ಉಂಟಾ? ಬರೀ ಶೋಕಿ" ಎಂದು ನಗುವರು. ಅವರಿಗೆ ಬೇಕಾದದ್ದು ಗುಡ್ಡೆಯ ಕೇಪುಳ: ಸಣ್ಣ ಗೊಂಚಲು, ನಾಲ್ಕು ಚೂಪು ಎಸಳು, ಬಟಾಣಿಯಷ್ಟು ದೊಡ್ಡ ಕಡುಗೆಂಪು ಹಣ್ಣು. ಆ ಹಣ್ಣನ್ನು ಸೆರಗಿನಲ್ಲಿ ಕಟ್ಟಿ ತಂದು, ಕೂಸನ್ನು ಮೀಯಿಸಿ ಆದಮೇಲೆ ಬಚ್ಚಲ ಹಿಂದೆ ನಿಂತು ತಿಂದು ಬೀಜ ಉಗುಳುವರು. ನನಗೆ ಅಸಹ್ಯವಾಗುತ್ತಿತ್ತು, ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ನನ್ನ ಮಗಳಿಗೆ ತಿಂಗಳು ತುಂಬುವ ಮೊದಲೇ ಮೈತುಂಬ ಕೆಂಪು ಗುಳ್ಳೆ ಎದ್ದಿತು. ಪುತ್ತೂರಿನ ಡಾಕ್ಟರು ಮುಲಾಮು ಕೊಟ್ಟು, ನಿಧಾನಕ್ಕೆ ಹೋಗುತ್ತದೆ ಎಂದರು. ನಿಧಾನ ಎಂದರೆ ಬಾಣಂತಿಗೆ ಅರ್ಥವಾಗುತ್ತದೆಯೇ? ಮಗು ಅತ್ತರೂ ಅಂಗಿ ಸರಿಸಿ ನೋಡುವುದು, ನಿದ್ದೆ ಹೋದರೂ ಸರಿಸಿ ನೋಡುವುದು. ಹುಚ್ಚು ಹಿಡಿಯುವುದೊಂದು ಬಾಕಿ.

ಉಮ್ಮ ಗುಳ್ಳೆ ನೋಡಿದವರೇ ಗುಡ್ಡೆ ಹತ್ತಿ ಸೆರಗಿನ ತುಂಬ ಕಿತ್ತು ತಂದರು. ಕೇಪುಳ, ದಾಸವಾಳ, ಲಕ್ಕಿ, ತುಂಬೆ, ಹೆಸರೇ ಗೊತ್ತಿಲ್ಲದ ಇನ್ನೆಷ್ಟೋ ಸೊಪ್ಪು.

"ಇದ್ರಲ್ಲಿ ಮದ್ದು ಯಾವುದು ಉಮ್ಮ?"

"ಹೇಳಿದ್ರೆ ಮದ್ದು ತಾಗುದಿಲ್ಲ. ನೀನು ಹೊರಗೆ ಹೋಗು."

ನಮ್ಮಲ್ಲಿ ಸೊಪ್ಪಿನ ಮದ್ದು ಕೊಡುವವರ ಕ್ರಮವೇ ಹಾಗೆ. ಬೇಕಾದದ್ದು ಒಂದಾದರೆ, ನೋಡುವವರ ಕಣ್ಣು ತಪ್ಪಿಸಲು ಬೇಡದ್ದು ಹತ್ತು ಕೀಳುತ್ತಾರೆ. ನಾನು ಅಡುಗೆಮನೆಯ ಬಾಗಿಲಾಚೆ ಶತಪಥ ತಿರುಗಿದೆ. ಒಳಗೆ ತೆಂಗಿನೆಣ್ಣೆ ಕಾಯುವ ಪರಿಮಳ. ಮುಲಾಮೋ, ಎಣ್ಣೆಯೋ, ಗುಳ್ಳೆ ಒಣಗಿ ಹೊಸ ಚರ್ಮ ಬಂತು. ನನ್ನ ಮನಸ್ಸು ಮಾತ್ರ ಎಣ್ಣೆ ಎಂದೇ ಹೇಳುತ್ತದೆ.

ಆ ಮಗಳೀಗ ಹೈಸ್ಕೂಲು. ಕಳೆದ ಮಳೆಗಾಲದಲ್ಲಿ ಉಮ್ಮ ತೀರಿಕೊಂಡರು. ಹೋಗಿ ನೋಡಿ ಬಂದೆ. ಕಾಲು ಬಿಳಿ ಬಟ್ಟೆಯೊಳಗಿತ್ತು.

ಚಳಿಗಾಲದಲ್ಲಿ ಜಾಲ್ಸೂರಿನಿಂದ ತಂಗಿಯ ಫೋನು. ಅವಳ ಎರಡನೇ ಕೂಸಿಗೂ ಅದೇ ಗುಳ್ಳೆ. "ಅಕ್ಕ, ಡಾಕ್ಟ್ರ ಮದ್ದು ಹಚ್ತಾ ಇದ್ದೇನೆ. ಆ ಉಮ್ಮನ ಎಣ್ಣೆ ಎಂತದ್ದು? ನಿಂಗೆ ಗೊತ್ತುಂಟಾ?" ಗೊತ್ತಿಲ್ಲ ಎನ್ನುವಾಗ ಉಮ್ಮನ ಮೇಲೆ ಸಿಟ್ಟೇ ಬಂತು. ಹೀಗೆ ಬಚ್ಚಿಟ್ಟುಕೊಂಡು ಹೋಗುವುದೇ? ಮನೆಯಲ್ಲಿ ನಿಲ್ಲಲಾರದೆ ಬಸ್ಸು ಹತ್ತಿದೆ.

ಅವಳ ಮನೆಯಲ್ಲಿ ಕಾಲು ತೊಳೆಯಲು ಬಚ್ಚಲ ಹಿಂದೆ ಹೋದವಳು ಹಾಗೇ ನಿಂತೆ. ಗುಡ್ಡೆಯ ಕೇಪುಳ! ನಾಲ್ಕು ಚೂಪು ಎಸಳು, ನಡುವೆ ಹಣ್ಣು. ನಮ್ಮ ಬಚ್ಚಲ ಹಿಂದೆಯೂ ಒಂದುಂಟು. ಮಗಳು ಕಡಿಯುವ ಎನ್ನುತ್ತಲೇ ಇದ್ದಾಳೆ. ತಂಗಿಯ ಮೊದಲ ಕೂಸನ್ನು ಮೀಯಿಸಿದವರೂ ಉಮ್ಮನೇ. ಬೀಜ ಉಗುಳುವ ಬಾಯಿ, ಆ ಬೀಜದ ಮೇಲೆ ಮಣ್ಣೆಳೆಯುವ ಹೆಬ್ಬೆರಳು ಒಟ್ಟಿಗೆ ಕಣ್ಣಿಗೆ ಬಂದವು. ಕೇಪುಳದ ಹೂವಿನ ತಂಬುಳಿ ನಾವೂ ಮಾಡುತ್ತೇವೆ, ಬೇರಿನ ಕಷಾಯ ಭೇದಿಗೆ ಎಂದು ಅಜ್ಜಿ ಹೇಳುತ್ತಿದ್ದರು. ಎಣ್ಣೆಯ ವಿಷಯ ಹೊಳೆದಿರಲಿಲ್ಲ. ಉಮ್ಮ ಕಿತ್ತದ್ದು ಹತ್ತು ಬಗೆ, ಬಿತ್ತಿದ್ದು ಇದೊಂದನ್ನೇ. ಬಾಯಲ್ಲಿ ಹೇಳಬಾರದ್ದನ್ನು ಕೂಸಿದ್ದ ಪ್ರತಿ ಮನೆಯಲ್ಲೂ ಕಾಲಲ್ಲಿ ಹೇಳಿ ಹೋಗಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಕಣ್ಣೊರಸಿಕೊಂಡು ಹೂ ಕೊಯ್ಯತೊಡಗಿದೆ. ತಂಗಿ ಕೂಸನ್ನೆತ್ತಿಕೊಂಡು ಬಂದಳು.

"ಸಿಕ್ಕಿತಾ ಅಕ್ಕ? ಯಾವುದು?"

ನಾನು ಪಕ್ಕದ ದಾಸವಾಳದ ನಾಲ್ಕೆಲೆಯನ್ನೂ ಕಿತ್ತು ಸೆರಗಿಗೆ ಹಾಕಿದೆ. ಒಂದು ಹಣ್ಣು ಬಾಯಿಗಿಟ್ಟು ಬೀಜ ಉಗುಳಿ, ಹೆಬ್ಬೆರಳಿನಿಂದ ಮಣ್ಣು ಎಳೆದೆ.